ಬೂಷ್ಟು ಹಿಡಿದ ಕಡಲೆಕಾಯಿ ಬಳ್ಳಿ ಹಸುವಿಗೆ ಬೇಡ

ಪಾವಗಡ, ಶಿರಾ ಕಡೆಯ ಅಣ್ಣಂದಿರೇ, ಅಕ್ಕಂದಿರೇ, ಕಡಲೆಕಾಯಿ ಕಿತ್ತ ಮೇಲೆ ಮಳೆ ಹಿಡಿದರೆ ಬಳ್ಳಿಯನ್ನು ಹಸಿಯಾಗಿಯೇ ಬಣವೆ ಒಟ್ಟಬೇಡಿ. ಒಳಗೆ ಬಿಸಿಯೇರಿ ಬೂಷ್ಟು ಬರುತ್ತದೆ. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹಸುವಿನ ಲಿವರ್ ಅನ್ನೇ ಹಾಳು ಮಾಡುತ್ತದೆ. ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಕೆಲವಕ್ಕೆ ಕಣ್ಣು ಹಳದಿಯಾಗುತ್ತದೆ. ಕರುಗಳಿಗೆ ಅಪಾಯ ಜಾಸ್ತಿ.

ಸುಮ್ನೆ ಬಿಸಿಲಿಗೆ ಹಾಕಿ ಕೊಡವಿದರೆ ಬೂಷ್ಟು ಉದುರಬಹುದು, ವಿಷ ಹೋಗುವುದಿಲ್ಲ. ಅದು ಹಾಲಿಗೂ ಬರುತ್ತದೆ, ಕಾಯಿಸಿದರೂ ಉಳಿಯುತ್ತದೆ. ಆ ಹಾಲು ಕುಡಿಯುವವರು ನಮ್ಮ ಮಕ್ಕಳೇ ಅಲ್ವಾ?

ಕಡಲೆಕಾಯಿ ಹಿಂಡಿ, ಮುಸುಕಿನ ಜೋಳಕ್ಕೂ ಇದೇ ಮಾತು. ಮುಗ್ಗಲು ವಾಸನೆ ಬಂದರೆ ಕೊಳ್ಳಬೇಡಿ. ಹಸು ಮಂಕಾದರೆ ಆ ಮೇವು ತಕ್ಷಣ ನಿಲ್ಲಿಸಿ, ಪಶುವೈದ್ಯರಿಗೆ ಒಂದು ಹಿಡಿ ಮೇವನ್ನೂ ತೋರಿಸಿ.