ಐದು ದಿನದ ಸ್ಟೀರಾಯ್ಡ್ ಮಾತ್ರೆ: ನಾನು ನಿಭಾಯಿಸುವ ಬಗೆ

ಮಳೆಗಾಲ ಶುರುವಾಗಿ ಖಾಲಿ ಸೈಟುಗಳಲ್ಲೆಲ್ಲ ಪಾರ್ಥೇನಿಯಂ ಹೂ ಬಿಟ್ಟಿತೆಂದರೆ ಬೆಂಗಳೂರಿನ ಎಷ್ಟೋ ಅಸ್ತಮಾದವರಿಗೆ ಎದೆ ಬಿಗಿಯುವ ಕಾಲ. ನಾನೂ ಅವರಲ್ಲಿ ಒಬ್ಬಳು. ಹೆಚ್ಚಿನ ಸಲ ಇನ್‌ಹೇಲರ್‌ನಲ್ಲೇ ಹತೋಟಿಗೆ ಬರುತ್ತದೆ. ಒಮ್ಮೊಮ್ಮೆ ಬರುವುದಿಲ್ಲ. ರಾತ್ರಿ ಮಲಗಲಾಗದೆ ದಿಂಬಿಗೆ ಒರಗಿ ಕೂರುವ ಹಾಗಾದಾಗ ಡಾಕ್ಟರ್ ಪ್ರೆಡ್ನಿಸೋಲೋನ್ ಬರೆಯುತ್ತಾರೆ. ದಿನಕ್ಕೆ 40 ಮಿಲಿಗ್ರಾಂ, ಐದು ದಿನ. ದೊಡ್ಡವರಿಗೆ ಅಸ್ತಮಾ ಕೆರಳಿದಾಗ ಸಾಮಾನ್ಯವಾಗಿ ಕೊಡುವುದು ಇಷ್ಟೇ: 40ರಿಂದ 50 ಮಿಲಿಗ್ರಾಂ, 5ರಿಂದ 7 ದಿನ.

ಈ ಮಾತ್ರೆ ಎಂದ ಕೂಡಲೇ ನಮ್ಮಲ್ಲಿ ಎರಡು ಥರದ ಜನ. 'ಅಯ್ಯೋ ಸ್ಟೀರಾಯ್ಡಾ, ಬೇಡಪ್ಪ' ಎಂದು ಚೀಟಿಯನ್ನೇ ಮಡಚಿಡುವವರು ಒಂದು ಕಡೆ. 'ಎರಡೇ ಮಾತ್ರೆಗೆ ಎಷ್ಟು ಚೆನ್ನಾಗಾಯ್ತು' ಎಂದು ಮುಂದಿನ ಸಲ ಅದೇ ಹಳೇ ಚೀಟಿ ತೋರಿಸಿ ತಾವೇ ತಂದು ನುಂಗುವವರು ಇನ್ನೊಂದು ಕಡೆ. ಎರಡೂ ಅಪಾಯ. ಅಸ್ತಮಾ ಜೋರಾದಾಗ ಈ ಮಾತ್ರೆ ಜೀವ ಉಳಿಸುತ್ತದೆ. ಹಾಗಾಗಿ ಬೇಕಾದಾಗ ತಗೊಳ್ಳಲೇಬೇಕು. ಅದು ಕೊಡುವ ತೊಂದರೆಗಳು ಹೆಚ್ಚಾಗಿ ಗಡಿಯಾರ ನೋಡಿಕೊಂಡೇ ಬರುತ್ತವೆ. ಯಾವ ಹೊತ್ತಿಗೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಆ ಐದು ದಿನವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ನಾನು ಮಾಡುವುದು ಅದನ್ನೇ.

ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ತಯಾರಿಸುತ್ತವೆ. ಬೆಳಗಿನ ಜಾವ ಜಾಸ್ತಿ, ರಾತ್ರಿ ಕಡಿಮೆ. ಬೆಳಿಗ್ಗೆ ಏಳಲು, ಓಡಾಡಲು ಅದು ಬೇಕು. ಪ್ರೆಡ್ನಿಸೋಲೋನ್ ಅದರದೇ ಜಾತಿಯ ಔಷಧಿ. ಸುಮಾರು 5 ಮಿಲಿಗ್ರಾಂ ಮಾತ್ರೆ ನಮ್ಮ ದೇಹದ ಒಂದು ದಿನದ ಕಾರ್ಟಿಸಾಲ್‌ಗೆ ಹೆಚ್ಚುಕಡಿಮೆ ಸಮ. ಅಂದರೆ 40 ಮಿಲಿಗ್ರಾಂ ನುಂಗಿದಾಗ ಎಂಟು ದಿನದ್ದನ್ನು ಒಂದೇ ದಿನಕ್ಕೆ ಕೊಟ್ಟಂತೆ. ನಿದ್ದೆ, ಸಿಟ್ಟು, ಹಸಿವು, ಸಕ್ಕರೆ ಎಲ್ಲದರ ಮೇಲೂ ಅದರ ಕೈ ಆಡುತ್ತದೆ. ಜಿಮ್‌ನಲ್ಲಿ ಮೈ ಬೆಳೆಸಲು ತಗೊಳ್ಳುವ ಸ್ಟೀರಾಯ್ಡ್ ಬೇರೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಅದಕ್ಕೇ ನಾನು ದಿನದ ಮಾತ್ರೆಯನ್ನು ಒಂದೇ ಸಲಕ್ಕೆ, ಬೆಳಿಗ್ಗೆ ತಿಂಡಿ ಆದ ತಕ್ಷಣ ತಗೊಂಡುಬಿಡುತ್ತೇನೆ. ಎಂಟೂವರೆ ಒಳಗೆ ಮುಗಿಯಬೇಕು. ಡಾಕ್ಟರ್ ಸಂಜೆ ಬರೆದುಕೊಟ್ಟರೆ ಮಾತ್ರ ಮೊದಲ ಡೋಸನ್ನು ಬೆಳಗಿನವರೆಗೆ ಕಾಯಿಸುವುದಿಲ್ಲ. ಮಾತ್ರೆ ಕೆಲಸ ಶುರು ಮಾಡಲು ಕೆಲವು ಗಂಟೆ ಬೇಕು, ಉಸಿರು ಅಷ್ಟು ಹೊತ್ತು ಕಾಯುವುದಿಲ್ಲ. ಆ ರಾತ್ರಿಯ ನಿದ್ದೆ ಹೋದರೂ ಪರವಾಗಿಲ್ಲ, ಮಾರನೇ ದಿನದಿಂದ ಡಾಕ್ಟರನ್ನು ಕೇಳಿ ಬೆಳಗಿನ ಹೊತ್ತಿಗೆ ತಂದುಕೊಳ್ಳುತ್ತೇನೆ. ಇನ್ನೊಂದು ವಿಷಯ. ಮೆಡಿಕಲ್ ಶಾಪಿನಲ್ಲಿ 40ರ ಮಾತ್ರೆ ಇಲ್ಲದೆ 10ರದ್ದೋ 20ರದ್ದೋ ಕೊಡುತ್ತಾರೆ. ಎಷ್ಟು ಮಾತ್ರೆ ಸೇರಿದರೆ ಒಂದು ಡೋಸ್ ಅಂತ ಅಂಗಡಿಯಲ್ಲೇ ಕೇಳಿ ಸ್ಟ್ರಿಪ್ಪಿನ ಹಿಂದೆ ಬರೆಸಿಕೊಳ್ಳುತ್ತೇನೆ. ನಾಲಿಗೆ ಮೇಲೆ ಒಂದು ಕ್ಷಣ ನಿಂತರೂ ಸಾಕು, ಬೇವಿನ ಕಷಾಯದಂಥ ಕಹಿ ಗಂಟಲವರೆಗೆ ಇಳಿಯುತ್ತದೆ. ಬಾಯಲ್ಲಿ ಮೊದಲು ನೀರು ತುಂಬಿಕೊಂಡು ಆಮೇಲೆ ಮಾತ್ರೆ ಹಾಕಿ ಒಂದೇ ಗುಟುಕಿಗೆ ನುಂಗುವುದು ನಾನು ಕಂಡುಕೊಂಡ ದಾರಿ. ನಂತರ ಒಂದು ತುತ್ತು ಮೊಸರನ್ನ ತಿಂದರೆ ಕಹಿ ಹೋಗುತ್ತದೆ.

ಬೆಳಿಗ್ಗೆಯೇ ತಗೊಂಡರೂ ನಿದ್ದೆ ಕೆಡುತ್ತದೆ. ನನಗೆ ಮಲಗಿದ ಕೂಡಲೇ ನಿದ್ದೆ ಬಂದುಬಿಡುತ್ತದೆ. ಆದರೆ ಎರಡು ಎರಡೂವರೆಗೆ ಕಣ್ಣು ಬಿಟ್ಟರೆ ಮುಗಿಯಿತು. ತಲೆ ತೊಳೆದಿಟ್ಟ ಹಾಗೆ ಸ್ವಚ್ಛ, ಎದೆ ಸ್ವಲ್ಪ ಡವಡವ, ಕೈಗೆ ಏನಾದರೂ ಕೆಲಸ ಬೇಕು. ಹೋದ ಸಲ ಅಡುಗೆಮನೆ ದೀಪ ಹಾಕಿ ಬೇಳೆ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುತ್ತಾ ಕೂತಿದ್ದೆ. ನಮ್ಮನೆಯವರು ಎದ್ದು ಬಂದು 'ಏನೇ ಇದು, ಈ ಹೊತ್ತಲ್ಲಿ?' ಎಂದರು. 'ಮಾತ್ರೆ ಕಣ್ರೀ, ನೀವು ಮಲ್ಕೊಳ್ಳಿ' ಎಂದೆ. ಈಗ ಆ ಐದು ದಿನ ಮಧ್ಯಾಹ್ನದ ಮೇಲೆ ಕಾಫಿ ಮುಟ್ಟುವುದಿಲ್ಲ. ಎಚ್ಚರವಾದರೆ ನಿದ್ದೆಗಾಗಿ ಒದ್ದಾಡುವುದಿಲ್ಲ, ಫೋನನ್ನೂ ಹಿಡಿಯುವುದಿಲ್ಲ. ಕಣ್ಣು ಮುಚ್ಚಿ ಸುಮ್ನೆ ಮಲಗಿದ್ದರೂ ಮೈಗೆ ವಿಶ್ರಾಂತಿ ಸಿಗುತ್ತದೆ. ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ಬೇಡ. ಉಸಿರಾಟ ಇನ್ನೂ ಸುಧಾರಿಸದಿದ್ದಾಗ ಅದು ಉಸಿರಾಟವನ್ನು ಇನ್ನಷ್ಟು ಕುಗ್ಗಿಸಬಹುದು.

ನಿದ್ದೆಗಿಂತ ಮನಸ್ಸಿನ ಏರಿಳಿತ ನನಗೆ ಕಷ್ಟ. ಮೊದಲೆರಡು ದಿನ ಏನೋ ಹುರುಪು. ವಾರದ ಕೆಲಸ ಒಂದೇ ದಿನ ಮುಗಿಸಿಬಿಡೋಣ ಎನ್ನುವಂಥ ಉತ್ಸಾಹ. ಆಮೇಲೆ ಸಣ್ಣಪುಟ್ಟದ್ದಕ್ಕೆಲ್ಲ ರೇಗು. ನೀರಿನ ಬಾಟಲಿ ಮುಚ್ಚಳ ಹಾಕದೆ ಇಟ್ಟರೆ ಸಾಕು, ದನಿ ತಾನಾಗಿ ಏರುತ್ತದೆ. ಅದಕ್ಕೇ ಮಾತ್ರೆ ಶುರು ಮಾಡುವ ದಿನವೇ ಮನೆಯಲ್ಲಿ ಹೇಳಿಬಿಡುತ್ತೇನೆ. ಮಗಳು ಈಗ 'ಅಮ್ಮ, ಮಾತ್ರೆನಾ?' ಎಂದು ಮೆತ್ತಗೆ ಕೇಳುತ್ತಾಳೆ, ನಾನು ಹೂಂ ಎಂದು ಪಕ್ಕದ ರೂಮಿಗೆ ಹೋಗಿ ಐದು ನಿಮಿಷ ಕೂತು ಬರುತ್ತೇನೆ. ದೊಡ್ಡ ಖರೀದಿ, ಕೆಲಸ ಬಿಡುವ ಮಾತು, ನೆಂಟರ ಜೊತೆಗಿನ ಹಳೇ ಲೆಕ್ಕಾಚಾರ ಯಾವುದನ್ನೂ ಆ ವಾರ ಎತ್ತುವುದಿಲ್ಲ. ಕೆಲವರಿಗೆ ಇದು ಇನ್ನೂ ಜೋರಾಗಿ ಬರಬಹುದು. ಯಾರೋ ಮಾತಾಡಿದಂತೆ ಕೇಳಿಸುವುದು, ವಿಪರೀತ ಅನುಮಾನ, ಬದುಕೇ ಬೇಡ ಎನ್ನಿಸುವುದು. ಇಂಥದ್ದು ಕಂಡರೆ ಕೋರ್ಸ್ ಮುಗಿಯಲಿ ಅಂತ ಕಾಯಬಾರದು, ಅವತ್ತೇ ಡಾಕ್ಟರಿಗೆ ತೋರಿಸಬೇಕು. ಅದನ್ನು ಮೊದಲು ಗುರುತಿಸುವವರು ಮನೆಯವರೇ. ಆದ್ದರಿಂದಲೂ ಅವರಿಗೆ ಗೊತ್ತಿರಬೇಕು.

ಹಸಿವು ಸಂಜೆ ನಾಲ್ಕರ ಮೇಲೆ ಹಿಡಿಯುತ್ತದೆ. ಊಟ ಮಾಡಿ ಎದ್ದ ಮೇಲೂ ತಿನ್ನಬೇಕು ಅನ್ನಿಸುತ್ತದೆ. ನಾನು ಹೆಸರುಕಾಳು ಉಸಲಿ, ಸೌತೆಕಾಯಿ, ಮಜ್ಜಿಗೆ ತಯಾರಿಟ್ಟುಕೊಳ್ಳುತ್ತೇನೆ. ಉಪ್ಪಿನಕಾಯಿ, ಹಪ್ಪಳ, ಖಾರಾಸೇವು ಆ ವಾರ ಬಂದ್. ಸ್ಟೀರಾಯ್ಡ್ ಮೈಯಲ್ಲಿ ಉಪ್ಪು ನೀರು ಎರಡನ್ನೂ ಹಿಡಿದಿಡುತ್ತದೆ. ಉಂಗುರ ಬಿಗಿಯಾಗುವುದು, ಕಣ್ಣಿನ ಕೆಳಗೆ ಊದುವುದು, ತೂಕ ಒಂದೆರಡು ಕೇಜಿ ಏರುವುದು ಬಹುಪಾಲು ಆ ನೀರಿನಿಂದಲೇ, ಕೋರ್ಸ್ ಮುಗಿದ ಮೇಲೆ ಇಳಿಯುತ್ತದೆ. ಬಿಪಿ ಇರುವವರು ಮನೆಯಲ್ಲೇ ದಿನಕ್ಕೊಮ್ಮೆ ನೋಡಿಕೊಳ್ಳುವುದು ಒಳ್ಳೇದು.

ಕೆಮ್ಮಿಗೆ ನಮ್ಮ ಅತ್ತೆ ಜೇಷ್ಠಮಧು ಕಷಾಯ ಮಾಡಿಕೊಡುತ್ತಾರೆ. ಪ್ರೀತಿಯಿಂದ ಕೊಡುವುದು, ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಆದರೆ ಜೇಷ್ಠಮಧು ಕೂಡ ಬಿಪಿ ಏರಿಸಬಲ್ಲದು, ಪೊಟ್ಯಾಷಿಯಂ ಇಳಿಸಬಲ್ಲದು. ಸ್ಟೀರಾಯ್ಡ್‌ನ ಸ್ವಭಾವವೂ ಅದೇ. ಉಬ್ಬಸಕ್ಕೆ ಪದೇಪದೇ ಎಳೆಯುವ ಸಾಲ್ಬುಟಮಾಲ್ ಇನ್‌ಹೇಲರ್ ಕೂಡ ಪೊಟ್ಯಾಷಿಯಂ ಇಳಿಸುತ್ತದೆ. ಮೂರೂ ಒಟ್ಟಿಗೆ ಬೇಡ. 'ಅತ್ತೆ, ಈ ಮಾತ್ರೆ ಮುಗೀಲಿ, ಆಮೇಲೆ ಮಾಡಿಕೊಡಿ' ಎನ್ನುತ್ತೇನೆ. ಆ ದಿನಗಳಲ್ಲಿ ಅವರು ಬರೀ ಬಿಸಿನೀರಿಗೆ ಶುಂಠಿ ಹಾಕಿ ಕೊಡುತ್ತಾರೆ.

ಹೊಟ್ಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬೇಡ. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಜೊತೆಗೆ ಸೇರಿಸಿದರೆ ಹೊಟ್ಟೆಹುಣ್ಣು, ರಕ್ತಸ್ರಾವದ ಅಪಾಯ ಹೆಚ್ಚು. ಅಸ್ತಮಾ ಇರುವ ಕೆಲವರಿಗೆ ಆ ಮಾತ್ರೆಗಳೇ ಉಬ್ಬಸ ತರುತ್ತವೆ. ಜ್ವರ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಗ್ಯಾಸ್ ಮಾತ್ರೆ ಎಲ್ಲರಿಗೂ ಬೇಕಿಲ್ಲ, ವಯಸ್ಸಾದವರು, ಹಿಂದೆ ಅಲ್ಸರ್ ಆಗಿದ್ದವರು ಕೇಳಿ ತಗೊಳ್ಳಬೇಕು.

ಸಕ್ಕರೆ ಕಾಯಿಲೆಯವರ ಲೆಕ್ಕವೇ ಬೇರೆ. ಅದನ್ನು ನಾನು ಕಲಿತದ್ದು ನಮ್ಮಮ್ಮನ ಜೊತೆ. ಅಮ್ಮ ತುಮಕೂರು ಕಡೆಯ ಹಳ್ಳಿಯಲ್ಲಿ ಜೀವನವಿಡೀ ಸೌದೆ ಒಲೆ ಮುಂದೆ ಕೂತು ಅಡುಗೆ ಮಾಡಿದವಳು. ಬೀಡಿ ಸಿಗರೇಟು ಮುಟ್ಟದಿದ್ದರೂ ಆ ಹೊಗೆಗೇ ಶ್ವಾಸಕೋಶ ಹಾಳಾಗಿ ಸಿಒಪಿಡಿ ಎಂಬ ದೀರ್ಘಕಾಲದ ಉಸಿರಾಟದ ಕಾಯಿಲೆ ಬಂತು. ಅದು ಕೆರಳಿದಾಗ ಅವಳಿಗೂ ಇದೇ ಐದು ದಿನದ ಕೋರ್ಸ್. ಅವಳಿಗೆ ಸಕ್ಕರೆಯೂ ಇದೆ. ಮಾತ್ರೆ ಶುರುವಾದ ಮಾರನೇ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ 132. ಅಮ್ಮನಿಗೆ ಸಮಾಧಾನ. ಸಂಜೆ ನಾನು ಮತ್ತೆ ಗ್ಲುಕೋಮೀಟರ್ ತೆಗೆದಾಗ ಕೈ ಹಿಂದೆ ಎಳೆದುಕೊಂಡಳು.

'ಬೆಳಿಗ್ಗೆ ಸರಿಯಾಗೇ ಇತ್ತಲ್ಲೇ, ಮತ್ತೆ ಯಾಕೆ ಚುಚ್ತೀಯ?'

'ಈ ಮಾತ್ರೆ ಸಕ್ಕರೆ ಏರಿಸೋದೇ ಈ ಹೊತ್ತಲ್ಲಿ ಕಣಮ್ಮ. ಒಂದ್ಸಲ ಕೊಡು ಕೈ.'

ಮೀಟರ್ 318 ತೋರಿಸಿತು. ಬೆಳಿಗ್ಗೆ ತಗೊಂಡ ಪ್ರೆಡ್ನಿಸೋಲೋನ್ ಸಕ್ಕರೆಯನ್ನು ಮಧ್ಯಾಹ್ನದ ಊಟದ ನಂತರ, ಸಂಜೆವರೆಗೆ ಎತ್ತಿಹಿಡಿಯುತ್ತದೆ. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಇಳಿದಿರುತ್ತದೆ. ಬೆಳಗಿನ ಪರೀಕ್ಷೆಯೊಂದನ್ನೇ ನಂಬಿದರೆ ಏನೂ ಗೊತ್ತಾಗುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆವು, ಅವರು ಆ ಐದು ದಿನಕ್ಕೆ ಔಷಧಿ ಹೊಂದಿಸಿದರು, ಸ್ಟೀರಾಯ್ಡ್ ಮುಗಿದ ಮೇಲೆ ಮತ್ತೆ ಮೊದಲಿನಂತೆ ಇಳಿಸಿದರು. ಇಳಿಸುವುದನ್ನು ಮರೆಯಬಾರದು, ಇಲ್ಲದಿದ್ದರೆ ಸಕ್ಕರೆ ತೀರಾ ಕೆಳಗೆ ಹೋಗುತ್ತದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಬಂದ ಬ್ಲ್ಯಾಕ್ ಫಂಗಸ್ ಹೆಚ್ಚಾಗಿ ಹಿಡಿದದ್ದು ಸಕ್ಕರೆ ಹತೋಟಿ ತಪ್ಪಿದವರನ್ನು, ಸ್ಟೀರಾಯ್ಡ್ ತಗೊಂಡವರನ್ನು. ಆಕ್ಸಿಜನ್ ಬೇಕಾದ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪ್ರಾಣ ಉಳಿಸುತ್ತದೆ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ 'ರಿಕವರಿ' ಎಂಬ ಔಷಧಿ ಪ್ರಯೋಗ ತೋರಿಸಿತ್ತು. ಆಕ್ಸಿಜನ್ ಬೇಡದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ ಎಂದೂ ಅದೇ ಪ್ರಯೋಗ ಹೇಳಿತ್ತು. ಆ ಎರಡನೇ ಮಾತು ಮನೆಮನೆಗೆ ತಲುಪಲಿಲ್ಲ ಅನ್ನೋ ನೋವು ನನಗೆ ಇವತ್ತಿಗೂ ಇದೆ.

ಬಹಳ ಜನಕ್ಕೆ ತಿಳಿಯದ ಒಂದು ಸಂಗತಿ ರಕ್ತಪರೀಕ್ಷೆಯದು. ಸ್ಟೀರಾಯ್ಡ್ ಬಿಳಿ ರಕ್ತಕಣಗಳ ಎಣಿಕೆಯನ್ನು ಏರಿಸುತ್ತದೆ. ರಿಪೋರ್ಟಿನಲ್ಲಿ ಸೋಂಕು ಇದ್ದ ಹಾಗೆ ಕಾಣುತ್ತದೆ. ಬೇರೆ ಡಾಕ್ಟರಿಗೆ ತೋರಿಸುವಾಗ 'ಪ್ರೆಡ್ನಿಸೋಲೋನ್ ತಗೊಳ್ತಿದ್ದೀನಿ' ಎಂದು ಮೊದಲೇ ಹೇಳಬೇಕು, ಇಲ್ಲವಾದರೆ ಬೇಡದ ಆಂಟಿಬಯೋಟಿಕ್ ಬರಬಹುದು. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ನಿಜವಾದ ಸೋಂಕಿನ ಜ್ವರವನ್ನು ಸ್ಟೀರಾಯ್ಡ್ ಅಡಗಿಸಿಡಬಲ್ಲದು. ಜ್ವರ ಇಲ್ಲ ಅಂತ ನಿರಾಳವಾಗಿರಬಾರದು.

ಅಪರೂಪದ, ಆದರೆ ದೊಡ್ಡ ಅಪಾಯಗಳ ಬಗ್ಗೆ 2017ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ 15 ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆ. ಮೂರು ವರ್ಷದಲ್ಲಿ ಐವರಲ್ಲಿ ಒಬ್ಬರು ಅಲ್ಪಾವಧಿ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದರು. ಮಾತ್ರೆ ಶುರುವಾದ ಮೊದಲ 30 ದಿನದಲ್ಲಿ ರಕ್ತಕ್ಕೆ ಸೋಂಕು ಹರಡುವ ಸೆಪ್ಸಿಸ್ ಐದು ಪಟ್ಟು, ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಮೂರು ಪಟ್ಟು, ಮೂಳೆ ಮುರಿತ ಹೆಚ್ಚುಕಡಿಮೆ ಎರಡು ಪಟ್ಟು ಕಂಡಿತು. ಒಬ್ಬೊಬ್ಬರ ಮಟ್ಟಿಗೆ ಈ ಅಪಾಯ ತುಂಬಾ ಚಿಕ್ಕದೇ. ಆದರೂ ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದ ಹಾಗೆ ಎದೆನೋವು, ಮಲ ಕರ್ರಗೆ ಹೋಗುವುದು, ಕಣ್ಣು ಮಂಜಾಗುವುದು, ನಡುಕದ ಚಳಿಜ್ವರ, ಇವನ್ನು ನಾನು ಫ್ರಿಜ್ ಬಾಗಿಲ ಮೇಲೆ ಬರೆದು ಅಂಟಿಸಿದ್ದೇನೆ. ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ.

ಕೋರ್ಸ್‌ಗಳ ಲೆಕ್ಕ ಇಡುವುದು ನನಗೆ ಎಲ್ಲಕ್ಕಿಂತ ಮುಖ್ಯ. ಒಂದು ಕೋರ್ಸ್ ಅಂದರೆ 200 ಮಿಲಿಗ್ರಾಂ. ಐದು ಕೋರ್ಸಿಗೆ 1 ಗ್ರಾಂ. ಜೀವಮಾನದಲ್ಲಿ ಒಟ್ಟು ಅರ್ಧದಿಂದ ಒಂದು ಗ್ರಾಂ ದಾಟಿದವರಲ್ಲೇ ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಮೂಳೆ ಸವೆತದಂಥವು ಹೆಚ್ಚು ಕಾಣಿಸಿಕೊಳ್ಳುತ್ತವೆ ಎಂದು ಅಸ್ತಮಾ ರೋಗಿಗಳ ಅಧ್ಯಯನಗಳು ತೋರಿಸಿವೆ. ಹಾಗಾಗಿ ತಿಂಗಳು, ವರ್ಷ, ಡೋಸ್ ಬರೆದ ಒಂದು ಕಾರ್ಡ್ ಇನ್‌ಹೇಲರ್ ಪೌಚಿನಲ್ಲೇ ಇರುತ್ತದೆ. ಒಬ್ಬ ಡಾಕ್ಟರ್ ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಅಲ್ವಾ? ಊರಲ್ಲಿ ಹಾಕಿಸಿಕೊಂಡ 'ದಮ್ಮಿನ ಸೂಜಿ', ಹೆಸರಿಲ್ಲದ ಪೊಟ್ಟಣದ ಪುಡಿ ಎರಡರಲ್ಲೂ ಸ್ಟೀರಾಯ್ಡ್ ಇರಬಹುದು. ಒಂದೇ ದಿನದಲ್ಲಿ ಪವಾಡದ ಥರ ಆರಾಮ ಕೊಡುವ ಪುಡಿಯನ್ನು ನಾನಂತೂ ನಂಬುವುದಿಲ್ಲ.

ಮಾತ್ರೆ ನಿಲ್ಲಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಎರಡು ವಾರಕ್ಕಿಂತ ಕಡಿಮೆ ದಿನದ ಕೋರ್ಸ್ ಆದರೆ ಸಾಮಾನ್ಯವಾಗಿ ಹಂತಹಂತವಾಗಿ ಇಳಿಸುವ ಅಗತ್ಯವಿಲ್ಲ, ಐದನೇ ದಿನದ ಮಾತ್ರೆಗೆ ನಿಲ್ಲುತ್ತದೆ. ವಾರಗಟ್ಟಲೆ ತಗೊಂಡವರು, ಪದೇಪದೇ ಕೋರ್ಸ್ ಆದವರು ಹಾಗೆ ದಿಢೀರನೆ ಬಿಡಬಾರದು. ಅವರ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸ ನಿಲ್ಲಿಸಿರಬಹುದು. ಎರಡು ದಿನಕ್ಕೆ ಆರಾಮ ಆಯಿತೆಂದು ನಡುವೆ ಬಿಡುವುದೂ ಬೇಡ. ಶ್ವಾಸನಾಳದ ಊತ ಅಷ್ಟು ಬೇಗ ಪೂರ್ತಿ ಇಳಿದಿರುವುದಿಲ್ಲ.

ನಿಂತ ಮೇಲೆ ಒಂದೆರಡು ದಿನ ಸುಸ್ತು, ಮೈಕೈ ನೋವು, ಮಂಕು ಬರುತ್ತದೆ. ನಾನು ಆ ದಿನಗಳಿಗೆ ರಜೆ ಉಳಿಸಿಕೊಂಡಿರುತ್ತೇನೆ. ಮೆತ್ತಗಿನ ಅನ್ನ ಸಾರು, ಬೇಗ ಮಲಗುವುದು, ಸಣ್ಣ ನಡಿಗೆ. ದಿನನಿತ್ಯದ ಇನ್‌ಹೇಲರ್ ಮಾತ್ರ ಒಂದು ಹೊತ್ತೂ ತಪ್ಪಿಸುವುದಿಲ್ಲ. ಅದರಲ್ಲೂ ಸ್ಟೀರಾಯ್ಡ್ ಇದೆ, ಆದರೆ ಅಳತೆ ಮೈಕ್ರೋಗ್ರಾಂನಲ್ಲಿ, ಕೆಲಸ ಹೆಚ್ಚಾಗಿ ಶ್ವಾಸನಾಳದಲ್ಲೇ. ಎಳೆದಾದ ಮೇಲೆ ಬಾಯಿ ಮುಕ್ಕಳಿಸಿದರೆ ಸರಿ. ಒಂದು ವಾರದೊಳಗೆ ಡಾಕ್ಟರ್ ಹತ್ತಿರ ಕಾರ್ಡ್ ಸಮೇತ ಹೋಗುತ್ತೇನೆ. ಇನ್‌ಹೇಲರ್ ಎಳೆಯುವುದನ್ನು ಅವರ ಮುಂದೆಯೇ ಮಾಡಿ ತೋರಿಸುತ್ತೇನೆ. ವರ್ಷಕ್ಕೆ ಎರಡು ಸಲ ಮಾತ್ರೆ ಬೇಕಾಯಿತೆಂದರೆ ದಿನನಿತ್ಯದ ಔಷಧಿಯನ್ನೇ ಬದಲಿಸಬೇಕಾ ಅಂತ ನೇರವಾಗಿ ಕೇಳುತ್ತೇನೆ.