ಹಾಲೆ ಮರದ ಪೆನ್ನು, ಅರಗಿನ ಬಣ್ಣ

ಮರದ ಪೆನ್ನು ಕಡೆಯುವವರಲ್ಲಿ ತುಂಬಾ ಜನ ಹೊಳಪಿಗೆ ಸೂಪರ್ ಗ್ಲೂ ಹಚ್ಚುತ್ತಾರೆ. ನಾನೂ ಹಚ್ಚುತ್ತೇನೆ. ಆದರೆ ಹಾಲೆ ಮರಕ್ಕೆ ಮಾತ್ರ ಚನ್ನಪಟ್ಟಣದ ಗೊಂಬೆಯವರ ಹಾಗೆ ಅರಗೇ ಆಗಬೇಕು. ಬೆಳ್ಳಗೆ ನಯವಾಗಿರುವ ಆ ಮರದಲ್ಲಿ ಎಳೆಗಳ ಚೆಲುವು ಅಷ್ಟಿಲ್ಲ, ಬಣ್ಣ ಕೂತರೇನೇ ಚೆಂದ.

ನನ್ನದು ಸ್ಲಿಮ್‌ಲೈನ್ ಕಿಟ್, ಅಂದರೆ ತೆಳ್ಳಗಿನ ಪೆನ್ನಿಗೆ ಬೇಕಾದ ಲೋಹದ ಭಾಗಗಳ ಜೋಡಿ. ಮೇಲೊಂದು, ಕೆಳಗೊಂದು ಹಿತ್ತಾಳೆ ಕೊಳವೆ, ದಪ್ಪ 7 ಮಿ.ಮೀ. ಮುಕ್ಕಾಲು ಇಂಚು ಚೌಕದ ತುಂಡಿಗೆ ಅದೇ ಅಳತೆಯ ತೂತು ಕೊರೆಯುತ್ತೇನೆ. ಆಗಾಗ ಬಿಟ್ ಹೊರಗೆ ತೆಗೆದು ಪುಡಿ ಉದುರಿಸಬೇಕು. ಒಂದೇ ಸಮನೆ ಒತ್ತಿದರೆ ಬಿಟ್ ಕಾಯುತ್ತದೆ, ಮರ ಸೀಳುತ್ತದೆ. ಕೊಳವೆಯ ಮೈ ತರಿ ಮಾಡಿ ಅಂಟಿಸಿ, ತುದಿಗಳನ್ನು ಕೊಳವೆಗೆ ಸರಿಯಾಗಿ ಸಮ ಮಾಡಿದರೆ ಕಡೆಯಲು ಸಿದ್ಧ. (ಬೀಟೆ ಮರವಾದರೆ ಅಂಟಿಸುವ ಮುಂಚೆ ತೂತಿನೊಳಗೆ ಅಸಿಟೋನ್ ಒರೆಸಿ. ಅದರಲ್ಲಿ ಎಣ್ಣೆ ಜಾಸ್ತಿ, ಅಂಟು ನಿಲ್ಲೋದಿಲ್ಲ. ಧೂಳೂ ಒಳ್ಳೆಯದಲ್ಲ, ಮಾಸ್ಕ್ ಇರಲಿ.)

ಕಡೆಯುವುದು ನೋಡಲು ಸುಲಭ. ಬುಷ್ (ಅಳತೆಗೆಂದು ತುಂಡಿನ ತುದಿಗಳಿಗೆ ಹಾಕುವ ಲೋಹದ ಬಳೆ) ಸುಮಾರು 8.4 ಮಿ.ಮೀ. ದಪ್ಪ. ಅಂದರೆ ಕೊಳವೆಯ ಮೇಲೆ ಕೊನೆಗೆ ಉಳಿಯುವ ಮರ ಒಂದು ಮಿಲಿಮೀಟರ್ ಕೂಡ ಇಲ್ಲ. ಉಳಿ ಹರಿತವಾಗಿರಲೇಬೇಕು, ಮೊಂಡಾದರೆ ತುದಿಯಲ್ಲಿ ಚಕ್ಕೆ ಏಳುತ್ತದೆ. ಸೂಪರ್ ಗ್ಲೂ ಹಾಕುವುದಿದ್ದರೆ ಬುಷ್ ಮಟ್ಟಕ್ಕೆ ನಿಲ್ಲಿಸುತ್ತೇನೆ. ಅರಗಿನ ಪದರ ಅದಕ್ಕಿಂತ ದಪ್ಪ, ಹಾಗಾಗಿ ಅರಗಿಗೆ ಕೂದಲೆಳೆಯಷ್ಟು ಕೆಳಗಿಳಿಸುತ್ತೇನೆ. ಇಲ್ಲದಿದ್ದರೆ ಲೋಹದ ತುದಿ ಸೇರುವಲ್ಲಿ ಬೆರಳಿಗೆ ಏಣು ಸಿಗುತ್ತದೆ.

ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ತಿಕ್ಕಾಟದ ಬಿಸಿಗೇ ಅದು ಕರಗಿ ಅಂಟುತ್ತದೆ. ಬೆಂಕಿ ಬೇಡ, ಕುಂಚ ಬೇಡ. ಆದರೆ ಗೊಂಬೆ ಕಡೆಯುವವರು ಮರದ ತುಂಡನ್ನೇ ನೇರವಾಗಿ ಲೇತ್‌ಗೆ ಹಿಡಿಸುತ್ತಾರೆ, ನಮ್ಮದು ಕೊಳವೆಯೊಳಗೆ ಹಾಯುವ ತೆಳ್ಳಗಿನ ಲೋಹದ ಸರಳು, ಮ್ಯಾಂಡ್ರೆಲ್ ಮೇಲೆ ಕೂತಿರುತ್ತದೆ. ಜೋರಾಗಿ ಒತ್ತಿದರೆ ಮ್ಯಾಂಡ್ರೆಲ್ ಬಾಗುತ್ತದೆ, ಬಣ್ಣ ಒಂದು ಪಕ್ಕಕ್ಕೆ ಹೆಚ್ಚು ಮೆತ್ತಿಕೊಳ್ಳುತ್ತದೆ. ಅದಕ್ಕೇ ನಾನು ಒಂದು ಸಲಕ್ಕೆ ಪೆನ್ನಿನ ಒಂದೇ ಅರ್ಧ ಹಾಕುವುದು. ಮ್ಯಾಂಡ್ರೆಲ್ ಗಿಡ್ಡವಾದಷ್ಟೂ ಗಟ್ಟಿ, ಅಲ್ವಾ?

ಆಮೇಲೆ ತಾಳೆಗರಿ. ಒಣಗಿದ ಗರಿಯನ್ನು ಒತ್ತಿ ಹಿಡಿದು ಆಚೀಚೆ ಸರಿಸಿದರೆ ಗಂಟುಗಂಟಾಗಿದ್ದ ಅರಗು ಹರಡಿ ಗಾಜಿನ ಹೊಳಪು ಬರುತ್ತದೆ. ಎಷ್ಟೋ ಬಗೆಯ ಪಾಲಿಶ್ ನೋಡಿದ್ದೇನೆ, ಈ ಗರಿಯಷ್ಟು ಬೇಗ ಫಲ ಕೊಡುವುದು ಇನ್ನೊಂದಿಲ್ಲ. ಸೂಪರ್ ಗ್ಲೂ ಆದರೆ ಪದರದ ಮೇಲೆ ಪದರ ಹಚ್ಚಿ, ನೀರು ಹಾಕಿ 12000 ಗ್ರಿಟ್‌ನ ತೀರಾ ನಯವಾದ ಉಜ್ಜುಹಾಳೆಯವರೆಗೆ ಉಜ್ಜುತ್ತಾ ಕೂರಬೇಕು. ಅದನ್ನು ಹಚ್ಚಲು ಹತ್ತಿ ಬಟ್ಟೆ ಮಾತ್ರ ಬೇಡವೇ ಬೇಡ. ಹತ್ತಿ ಸೇರಿದರೆ ಅದು ಬೆರಳು ಸುಡುವಷ್ಟು ಕಾಯುತ್ತದೆ.

ಯಾವ ಹೊಳಪೇ ಆಗಲಿ, ಬುಷ್‌ಗೂ ಮರಕ್ಕೂ ಸೇರಿಸಿ ಅಂಟಿರುತ್ತದೆ. ಬಿಚ್ಚುವ ಮುಂಚೆ ಆ ಸಂದಿನಲ್ಲಿ ಚೂಪಾದ ಚಾಕುವಿನಿಂದ ಸುತ್ತ ಗೀರಬೇಕು.

ಜೋಡಿಸುವಾಗ ಟ್ವಿಸ್ಟ್ ಭಾಗವನ್ನು (ತಿರುಗಿಸಿದರೆ ಮೊನೆಯನ್ನು ಒಳಗೆ ಹೊರಗೆ ಸರಿಸುವ ಭಾಗ) ಸ್ವಲ್ಪ ಸ್ವಲ್ಪವೇ ಒತ್ತಿ, ನಡುನಡುವೆ ರೀಫಿಲ್ ಹಾಕಿ ನೋಡುತ್ತೇನೆ. ಜಾಸ್ತಿ ಒಳಗೆ ಹೋದರೆ ಮೊನೆ ಒಳಕ್ಕೆ ಸರಿಯುವುದೇ ಇಲ್ಲ.

ಇನ್ನು ಅರಗಿನ ಪೆನ್ನು ಯಾರಿಗೆ ಕೊಡಬೇಕು ಅನ್ನುವುದೂ ಇದೆ. ಅರಗು ಸ್ಪಿರಿಟ್‌ಗೆ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಹಿಡಿದರೆ ಹೊಳಪು ಮಂಕು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಮೆತ್ತಗಾಗುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಗೆಳೆಯರಿಗೆ ನಾನು ಸೂಪರ್ ಗ್ಲೂ ಹಾಕಿದ ಬೀಟೆ ಪೆನ್ನನ್ನೇ ಕೊಡುತ್ತೇನೆ.