ರೋಬೋಟಿಕ್ ಮೋವರ್ ಕೊಳ್ಳಬೇಕೇ? ಮೊದಲು ಹುಲ್ಲುಹಾಸನ್ನು ಅಳೆದು ನೋಡಿ

ರೋಬೋಟಿಕ್ ಮೋವರ್, ಅಂದರೆ ತಾನಾಗಿಯೇ ಓಡಾಡಿ ಹುಲ್ಲು ಕತ್ತರಿಸುವ ಯಂತ್ರ, ಕೊಳ್ಳುವ ಯೋಚನೆಯಲ್ಲಿರುವವರು ಸಾಮಾನ್ಯವಾಗಿ ಯಂತ್ರಗಳ ಪಟ್ಟಿಯನ್ನು ಮುಂದಿಟ್ಟುಕೊಂಡೇ ಶುರು ಮಾಡುತ್ತಾರೆ. ಯಾವ ಕಂಪನಿಯದು ಒಳ್ಳೆಯದು, ಯಾವುದರಲ್ಲಿ ಕ್ಯಾಮೆರಾ ಇದೆ, ಯಾವುದು ತಂತಿಯಿಲ್ಲದೆ ಓಡುತ್ತದೆ ಎಂಬ ಹೋಲಿಕೆಯಲ್ಲೇ ದಿನಗಳು ಕಳೆದುಹೋಗುತ್ತವೆ. ಆದರೆ ಕೊಳ್ಳಬೇಕೇ ಬೇಡವೇ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಹುಲ್ಲುಹಾಸೇ ಹೊರತು ಯಂತ್ರವಲ್ಲ. ನೆಲದ ಇಳಿಜಾರು, ಅಂಚುಗಳ ರೀತಿ, ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ದಾರಿಯ ಅಗಲ, ಮೇಲೆ ಕವಿದ ಮರಗಳು, ಅಲ್ಲಿ ಓಡಾಡುವ ಮಕ್ಕಳು ಮತ್ತು ಪ್ರಾಣಿಗಳು, ಇವಿಷ್ಟನ್ನು ಅಳತೆ ಟೇಪು ಹಿಡಿದು ಗಮನವಿಟ್ಟು ನೋಡಿದರೆ, ಅಂಗಡಿಗೆ ಕಾಲಿಡುವ ಮೊದಲೇ ಉತ್ತರ ಹೆಚ್ಚುಕಡಿಮೆ ಸಿಕ್ಕಿರುತ್ತದೆ.

ಈ ಯಂತ್ರ ಕತ್ತರಿಸುವ ರೀತಿಯೇ ಬೇರೆ

ಸ್ವೀಡನ್ನಿನ ಹಸ್ಕ್‌ವರ್ನಾ ಕಂಪನಿ 1995ರಲ್ಲಿ ಸೌರಶಕ್ತಿಯಿಂದ ಓಡುವ ರೋಬೋಟಿಕ್ ಮೋವರನ್ನು ಮಾರುಕಟ್ಟೆಗೆ ತಂದಿತು. ಅಂದಿನಿಂದ ಇಂದಿನವರೆಗೆ ದಾರಿ ಕಂಡುಕೊಳ್ಳುವ ತಂತ್ರಜ್ಞಾನ ಬಹಳ ಬದಲಾಗಿದ್ದರೂ ಮೂಲ ತತ್ವ ಬದಲಾಗಿಲ್ಲ: ಸ್ವಲ್ಪ ಸ್ವಲ್ಪವಾಗಿ, ಪದೇ ಪದೇ ಕತ್ತರಿಸುವುದು. ಕೈಯಿಂದ ತಳ್ಳುವ ಯಂತ್ರ ಒಂದು ಸಲಕ್ಕೆ 40ರಿಂದ 50 ಸೆಂ.ಮೀ. ಅಗಲದ ಪಟ್ಟೆಯನ್ನು ವಾರಕ್ಕೊಮ್ಮೆ ಕತ್ತರಿಸಿದರೆ, ಮನೆಬಳಕೆಯ ಸಾಮಾನ್ಯ ರೋಬೋಟಿನ ಅಗಲ 16ರಿಂದ 24 ಸೆಂ.ಮೀ. ಅಷ್ಟೇ, ಮತ್ತು ಅದು ಪ್ರತಿದಿನವೋ ದಿನ ಬಿಟ್ಟು ದಿನವೋ ಓಡಾಡಿ ಹುಲ್ಲಿನ ತುದಿಯನ್ನು ಕೆಲವೇ ಮಿಲಿಮೀಟರುಗಳಷ್ಟು ಸವರುತ್ತದೆ.

ಯಂತ್ರವನ್ನು ಸ್ವಿಚ್ ಆಫ್ ಮಾಡಿ, ಕೈಗವಸು ಹಾಕಿಕೊಂಡು ಮಗುಚಿ ನೋಡಿದರೆ ಇದರ ಕಾರಣ ತಿಳಿಯುತ್ತದೆ. ಬಹಳಷ್ಟು ಮಾದರಿಗಳಲ್ಲಿ ಊಟದ ತಟ್ಟೆಗಿಂತ ಚಿಕ್ಕದಾದ ಒಂದು ಚಕ್ರವಿದ್ದು, ಅದರ ಅಂಚಿನಲ್ಲಿ ಕ್ಷೌರದ ಬ್ಲೇಡಿನಂಥ ಮೂರೋ ಹೆಚ್ಚೋ ತೆಳ್ಳನೆಯ ಅಲಗುಗಳು ಒಂದೊಂದು ಸ್ಕ್ರೂ ಮೇಲೆ ಸಡಿಲವಾಗಿ ತೂಗುತ್ತಿರುತ್ತವೆ. ಚಕ್ರ ತಿರುಗಿದಾಗ ಅವು ಹೊರಕ್ಕೆ ಚಾಚಿಕೊಳ್ಳುತ್ತವೆ, ಕಡ್ಡಿಯೋ ಕಲ್ಲೋ ಅಡ್ಡ ಬಂದರೆ ಒಳಕ್ಕೆ ಮಡಚಿಕೊಳ್ಳುತ್ತವೆ. ಎಳೆಯ ತುದಿಗಳನ್ನು ನೀಟಾಗಿ ಕೊಯ್ಯಲು ಇದು ಸಾಕು. ಮೊಣಕಾಲುದ್ದ ಬೆಳೆದ ಹುಲ್ಲನ್ನು ಮಟ್ಟ ಮಾಡಲು ಇದರಿಂದ ಆಗದು. ಆದ್ದರಿಂದ ರೋಬೋಟನ್ನು ಬಿಡುವ ಮೊದಲು ಸಾಮಾನ್ಯ ಯಂತ್ರದಿಂದ ಒಮ್ಮೆ ಕತ್ತರಿಸಿ ಹದಕ್ಕೆ ತರಲೇಬೇಕು. ಯಂತ್ರ ಕೆಟ್ಟು ಎರಡು ಮೂರು ವಾರ ನಿಂತುಹೋದರೂ ಮತ್ತೆ ಅದನ್ನೇ ಮಾಡಬೇಕಾಗುತ್ತದೆ. ಹಳೆಯ ಯಂತ್ರವನ್ನು ತಕ್ಷಣ ಮಾರಿಬಿಡಬೇಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಕತ್ತರಿಸಿದ ಚೂರುಗಳು ಅಲ್ಲೇ ಬಿದ್ದು, ಕೊಳೆತು, ಅದರಲ್ಲಿದ್ದ ಸಾರಜನಕ ಮಣ್ಣಿಗೆ ಮರಳುವುದು ಇದರ ದೊಡ್ಡ ಲಾಭ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬ ತೋಟಗಾರಿಕೆಯ ನಿಯಮವನ್ನು ಈ ಯಂತ್ರ ತಾನಾಗಿಯೇ ಪಾಲಿಸುತ್ತದೆ, ಹಾಗಾಗಿ ಕೆಲವು ತಿಂಗಳಲ್ಲಿ ಹುಲ್ಲು ದಟ್ಟವಾಗುವುದುಂಟು. ಆದರೆ ಕಾಂಪೋಸ್ಟ್ ಗುಂಡಿಗೆ ಹುಲ್ಲಿನ ಚೂರು ಬೇಕೆನ್ನುವವರಿಗೆ ಏನೂ ಸಿಗುವುದಿಲ್ಲ. ಹುಲ್ಲಿನ ನಡುವೆ ಕಾಡುಹೂ ಅರಳಲಿ, ಜೇನುಹುಳು ಬರಲಿ ಎಂದು ಬಯಸುವವರು ಒಂದು ಭಾಗವನ್ನಾದರೂ ಯಂತ್ರದ ಗಡಿಯ ಹೊರಗಿಡಬೇಕು, ಏಕೆಂದರೆ ದಿನವೂ ಸವರುವ ಜಾಗದಲ್ಲಿ ಹೂ ಬಿಡಲು ಗಿಡಕ್ಕೆ ಅವಕಾಶವೇ ಇರುವುದಿಲ್ಲ.

ಟೇಪು ಹಿಡಿದು ಅಳೆಯಬೇಕಾದವು

ವಿಸ್ತೀರ್ಣದ ಲೆಕ್ಕದಲ್ಲಿ ಮನೆ, ಕಾಲುದಾರಿ, ಗಿಡಗಳ ಪಾತಿ ಎಲ್ಲವನ್ನೂ ಕಳೆದು ಹುಲ್ಲಿರುವ ಜಾಗವನ್ನು ಮಾತ್ರ ಹಿಡಿಯಿರಿ. ಡಬ್ಬದ ಮೇಲೆ ಬರೆದಿರುವ ಗರಿಷ್ಠ ವಿಸ್ತೀರ್ಣವನ್ನು ಹಾಗೆಯೇ ನಂಬಬಾರದು. ಅನೇಕ ಮಾದರಿಗಳಲ್ಲಿ ಆ ಸಂಖ್ಯೆ, ನೆಲ ಸಮತಟ್ಟಾಗಿದ್ದು ಯಂತ್ರ ಹಗಲು ರಾತ್ರಿಯೆನ್ನದೆ ಓಡುತ್ತದೆ ಎಂಬ ಲೆಕ್ಕದ ಮೇಲೆ ನಿಂತಿರುತ್ತದೆ. ಉದಾಹರಣೆಗೆ, ಚಾರ್ಜಿಂಗ್ ಸಮಯವೂ ಸೇರಿ ಗಂಟೆಗೆ 60 ಚದರ ಮೀಟರ್ ಮುಗಿಸುವ ಯಂತ್ರಕ್ಕೆ 600 ಚದರ ಮೀಟರಿನ ಹುಲ್ಲುಹಾಸನ್ನು ಒಂದು ಸುತ್ತು ಕತ್ತರಿಸಲು 10 ಗಂಟೆ ಬೇಕು. ಮಕ್ಕಳು ಆಡುವ ಸಂಜೆಯನ್ನೂ ಪ್ರಾಣಿಗಳು ಓಡಾಡುವ ರಾತ್ರಿಯನ್ನೂ ಬಿಟ್ಟರೆ ಅಷ್ಟು ಗಂಟೆಗಳು ಉಳಿಯುತ್ತವೆಯೇ ಎಂದು ನೋಡಿ. ನಿಮ್ಮ ಅಳತೆಗಿಂತ ಮೂರನೇ ಒಂದು ಭಾಗದಷ್ಟಾದರೂ ಹೆಚ್ಚು ಸಾಮರ್ಥ್ಯದ ಯಂತ್ರವನ್ನು ಆರಿಸುವುದು ಒಳ್ಳೆಯದು. ಹಗಲು ಮಾತ್ರ ಓಡಿಸುವುದಾದರೆ ಎರಡರಷ್ಟಿದ್ದರೂ ಅತಿಯಾಗದು.

ಇಳಿಜಾರನ್ನು ಕಣ್ಣಳತೆಯಲ್ಲಿ ಹೇಳಲು ಹೋದವರು ಹೆಚ್ಚಾಗಿ ತಪ್ಪುತ್ತಾರೆ. ಒಂದು ಮೀಟರ್ ಉದ್ದದ ನೇರವಾದ ಪಟ್ಟಿಯೊಂದರ ತುದಿಯನ್ನು ಇಳಿಜಾರಿನ ಮೇಲ್ಗಡೆಯ ನೆಲಕ್ಕೆ ಊರಿ, ರಸಮಟ್ಟವಿಟ್ಟು ಪಟ್ಟಿಯನ್ನು ಮಟ್ಟಸವಾಗಿ ಹಿಡಿದು, ಗಾಳಿಯಲ್ಲಿರುವ ಇನ್ನೊಂದು ತುದಿಯಿಂದ ನೆಲದವರೆಗಿನ ಅಂತರವನ್ನು ಅಳೆಯಿರಿ. 35 ಸೆಂ.ಮೀ. ಬಂದರೆ ಅದು ಶೇ. 35ರ ಇಳಿಜಾರು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಕೆಲವರು ಇಳಿಜಾರನ್ನು ಶೇಕಡಾದಲ್ಲಿಯೂ ಕೆಲವರು ಡಿಗ್ರಿಯಲ್ಲಿಯೂ ಹೇಳುತ್ತಾರೆ, ಎರಡೂ ಒಂದೇ ಅಲ್ಲ. ಶೇ. 35 ಎಂದರೆ ಸುಮಾರು 19 ಡಿಗ್ರಿ, ಶೇ. 100 ಎಂದರೆ 45 ಡಿಗ್ರಿ. ಹಿಂದಿನ ಎರಡು ಚಕ್ರಗಳು ಮಾತ್ರ ತಳ್ಳುವ ಸಾಮಾನ್ಯ ಮಾದರಿಗಳು ಹೆಚ್ಚಾಗಿ ಶೇ. 35ರಿಂದ 45ರವರೆಗೆ ಹತ್ತುತ್ತವೆ. ಎಲ್ಲ ಚಕ್ರಗಳಿಗೂ ಮೋಟಾರ್ ಇರುವ ಕೆಲವು ಮಾದರಿಗಳು ಶೇ. 70ರಷ್ಟು ಕಡಿದಾದ ಜಾಗದಲ್ಲೂ ನಿಲ್ಲುತ್ತವೆ. ಇವು ಒಣ ನೆಲದ ಮಾತು. ಒದ್ದೆ ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ತಿರುವುಗಳಲ್ಲಿ ಹುಲ್ಲು ಕಿತ್ತು ಮಣ್ಣು ಕಾಣಿಸುತ್ತದೆ. ಇಳಿಜಾರಿನ ಬುಡದಲ್ಲೇ ಗಡಿ ಇದ್ದರೆ, ಅದರಾಚೆ ಕೊಳವೋ ಮೆಟ್ಟಿಲೋ ಇದ್ದರೆ, ತಯಾರಕರು ಹೇಳುವ ಮಿತಿ ಇನ್ನೂ ಕಡಿಮೆ ಇರುತ್ತದೆ. ಅಂಥ ಕಡೆ ಒಂದು ಗಟ್ಟಿಯಾದ ತಡೆ ಕಟ್ಟದೆ ಯಂತ್ರ ಬಿಡುವುದು ಸರಿಯಲ್ಲ.

ಅಂಚುಗಳ ವಿಷಯದಲ್ಲಿ ಕೊಂಡವರಿಗೆ ಆಗುವಷ್ಟು ನಿರಾಸೆ ಬೇರೆ ಯಾವುದರಲ್ಲೂ ಆಗದು. ಅಲಗುಗಳು ಸುರಕ್ಷತೆಗಾಗಿ ಯಂತ್ರದ ಹೊರಮೈಯಿಂದ ಬಹಳ ಒಳಗಿರುವುದರಿಂದ, ಗೋಡೆ, ಬೇಲಿ ಅಥವಾ ಎತ್ತರಿಸಿ ಕಟ್ಟಿದ ಪಾತಿಯ ಪಕ್ಕದಲ್ಲಿ ಒಂದು ಗೇಣಿನಷ್ಟು ಅಗಲದ ಹುಲ್ಲು ಕತ್ತರಿಸದೆ ಉಳಿದುಬಿಡುತ್ತದೆ. ಅದನ್ನು ಟ್ರಿಮ್ಮರಿನಿಂದ ನೀವೇ ಕತ್ತರಿಸಬೇಕು. ಅಂಚಿನುದ್ದಕ್ಕೂ ನೆಲಮಟ್ಟದಲ್ಲೇ ಕಲ್ಲು ಅಥವಾ ಇಟ್ಟಿಗೆಯ ಸಾಲು ಹಾಸಿದರೆ ಯಂತ್ರ ಒಂದು ಚಕ್ರವನ್ನು ಅದರ ಮೇಲೆ ಓಡಿಸಿ ಕೊನೆಯ ಎಳೆಯನ್ನೂ ಸವರಬಲ್ಲದು. ಗಡಿಯ ಒಟ್ಟು ಉದ್ದವನ್ನು ಅಳೆದು, ಅದರಲ್ಲಿ ಗೋಡೆ ಬೇಲಿಗಳ ಪಾಲೆಷ್ಟು, ನೆಲಮಟ್ಟದ ಅಂಚೆಷ್ಟು ಎಂದು ಬರೆದಿಟ್ಟುಕೊಳ್ಳಿ. ಚಿಕ್ಕ ಹುಲ್ಲುಹಾಸು, ಸುತ್ತಲೂ ಗೋಡೆ, ನಡುವೆ ನಾಲ್ಕಾರು ಮರ ಎಂಬ ಪರಿಸ್ಥಿತಿಯಲ್ಲಿ ಟ್ರಿಮ್ಮರ್ ಹಿಡಿದು ಕಳೆಯುವ ಸಮಯ, ಇಡೀ ಹುಲ್ಲುಹಾಸನ್ನು ಕೈಯಿಂದ ಕತ್ತರಿಸುವ ಸಮಯಕ್ಕೆ ಸಮನಾಗಿಬಿಡಬಹುದು.

ಉಳಿದಂತೆ, ಮುಂಭಾಗದಿಂದ ಹಿಂಭಾಗಕ್ಕೆ ಹೋಗುವ ದಾರಿ ಒಂದು ಮೀಟರಿಗಿಂತ ಕಿರಿದಾಗಿದ್ದರೆ ಆ ಮಾದರಿಗೆ ಬೇಕಾದ ಕನಿಷ್ಠ ಅಗಲವನ್ನು ಕೇಳಿ ತಿಳಿಯಿರಿ. ಮುಚ್ಚಿಡುವ ಗೇಟಿದ್ದರೆ ಯಂತ್ರ ಅದನ್ನು ತೆರೆಯಲಾರದು. ಚಕ್ರ ಸಿಕ್ಕಿಕೊಳ್ಳುವ ಕುಳಿಗಳನ್ನು ಮಣ್ಣು ತುಂಬಿ ಸಮ ಮಾಡಿ. ಚಾರ್ಜಿಂಗ್ ನಿಲ್ದಾಣಕ್ಕೆ ಸಮತಟ್ಟಾದ, ಸಾಧ್ಯವಾದರೆ ನೆರಳಿನ ಜಾಗ ಬೇಕು, ಅದರ ಮುಂದೆ ನೇರವಾಗಿ ಎರಡು ಮೂರು ಮೀಟರ್ ತೆರವಿರಬೇಕು, ಹತ್ತಿರದಲ್ಲೇ ಮಳೆ ತಾಗದ ವಿದ್ಯುತ್ ಪ್ಲಗ್ ಇರಬೇಕು.

ದಾರಿ ಕಂಡುಕೊಳ್ಳುವ ಬಗೆ

ಗಡಿಯ ಸುತ್ತ ತಂತಿ ಹಾಸುವುದು ಹಳೆಯ ವಿಧಾನ. ಕಡಿಮೆ ವೋಲ್ಟೇಜಿನ ಸಂಕೇತ ಹರಿಯುವ ಈ ತಂತಿಯನ್ನು ಯಂತ್ರ ಗುರುತಿಸಿ ಹಿಂದಿರುಗುತ್ತದೆ. ಮರದ ನೆರಳು, ರಾತ್ರಿ, ಮಂಜು ಯಾವುದೂ ಇದಕ್ಕೆ ಅಡ್ಡಿಯಲ್ಲ. ತೊಂದರೆ ಬರುವುದು ಗುದ್ದಲಿಯೋ ಇಲಿ ಹೆಗ್ಗಣವೋ ತಂತಿಯನ್ನು ತುಂಡು ಮಾಡಿದಾಗ. ಆಗ ಯಂತ್ರ ನಿಂತುಬಿಡುತ್ತದೆ, ತುಂಡಾದ ಜಾಗ ಹುಡುಕುವುದು ತಾಳ್ಮೆಯ ಕೆಲಸ. ಪಾತಿಯ ಆಕಾರವನ್ನು ಆಗಾಗ ಬದಲಿಸುವವರಿಗೆ ಇದು ಹಿಡಿಸದು.

ಉಪಗ್ರಹ ಸಂಕೇತವನ್ನು ಆರ್‌ಟಿಕೆ ಎಂಬ, ಸ್ಥಾನದ ಲೆಕ್ಕದ ತಪ್ಪನ್ನು ಸರಿಪಡಿಸುವ ತಿದ್ದುಪಡಿಯೊಂದಿಗೆ ಬಳಸುವ ಯಂತ್ರಗಳು ಕೆಲವೇ ಸೆಂಟಿಮೀಟರುಗಳ ನಿಖರತೆಯಲ್ಲಿ ತಮ್ಮ ಸ್ಥಾನ ತಿಳಿದುಕೊಂಡು, ಅಡ್ಡಾದಿಡ್ಡಿ ಓಡಾಡದೆ ಸಾಲು ಹಿಡಿದು ಕತ್ತರಿಸುತ್ತವೆ. ಇವಕ್ಕೆ ತೆರೆದ ಆಕಾಶ ಬೇಕು. ಹುಲ್ಲುಹಾಸಿನ ನಡುವೆ ನಿಂತು ತಲೆಯೆತ್ತಿದಾಗ ಕೊಂಬೆಗಳೂ ಎತ್ತರದ ಗೋಡೆಗಳೂ ಆಕಾಶದ ಅರ್ಧವನ್ನು ಮುಚ್ಚಿದ್ದರೆ, ಆರ್‌ಟಿಕೆಯನ್ನೇ ನಂಬಿದ ಯಂತ್ರ ನಿಮ್ಮಲ್ಲಿ ಮತ್ತೆ ಮತ್ತೆ ದಾರಿ ತಪ್ಪುತ್ತದೆ. ಲೇಸರ್ ಕಿರಣದಿಂದ ಸುತ್ತಲನ್ನು ಅಳೆಯುವ ಲೈಡಾರ್ ಇದಕ್ಕೆ ತದ್ವಿರುದ್ಧ: ಮರ, ಗೋಡೆ, ಬೇಲಿಗಳೇ ಅದಕ್ಕೆ ಗುರುತು, ಏನೂ ಇಲ್ಲದ ಬಟಾಬಯಲಿನಲ್ಲಿ ಅದು ತಬ್ಬಿಬ್ಬಾಗುತ್ತದೆ. ಕ್ಯಾಮೆರಾ ಮಾತ್ರ ಇರುವ ಯಂತ್ರಗಳಿಗೆ ಬೆಳಕು ಬೇಕು. ಹುಲ್ಲಿನ ಮೇಲೆ ಎಲೆ ಉದುರಿ ಮುಚ್ಚಿಕೊಂಡರೂ ಅವಕ್ಕೆ ಗೊಂದಲ. ಎರಡು ವಿಧಾನಗಳನ್ನು ಕೂಡಿಸಿದ ಮಾದರಿಗಳೂ ಇವೆ, ಮರಗಿಡ ಹೆಚ್ಚಿರುವ ಜಾಗಕ್ಕೆ ಅವೇ ವಾಸಿ.

ಮಕ್ಕಳು ಮತ್ತು ಪ್ರಾಣಿಗಳು

ಈ ವಿಷಯದಲ್ಲಿ ರಾಜಿ ಬೇಡ. ಎತ್ತಿದರೆ, ಮಗುಚಿದರೆ, ಬಲವಾಗಿ ಡಿಕ್ಕಿಯಾದರೆ ಅರಿಯುವ ಸಂವೇದಕಗಳು ಯಂತ್ರದಲ್ಲಿರುತ್ತವೆ, ಎತ್ತಿದ ಕೂಡಲೇ ಅಲಗು ನಿಲ್ಲುವ ಏರ್ಪಾಡೂ ಇರುತ್ತದೆ. ಆದರೂ ಹುಲ್ಲಿನ ಮೇಲೆ ಕುಳಿತ ಮಗುವಿನ ಬೆರಳು, ಬರಿಗಾಲು ಹೊರಮೈಯ ಅಡಿಗೆ ಸೇರದು ಎಂಬ ಖಾತರಿ ಯಾವ ಸಂವೇದಕವೂ ಕೊಡಲಾರದು. ಮಕ್ಕಳು ಹುಲ್ಲಿನ ಮೇಲಿರುವಾಗ ಯಂತ್ರ ಓಡಬಾರದು, ಅಷ್ಟೇ.

ರಾತ್ರಿ ಓಡಿಸುವುದಂತೂ ಬೇಡವೇ ಬೇಡ. ಯುರೋಪಿನ ತೋಟಗಳಲ್ಲಿ ರಾತ್ರಿ ಸಂಚರಿಸುವ ಹೆಡ್ಜ್‌ಹಾಗ್ ಎಂಬ ಸಣ್ಣ ಮುಳ್ಳಿನ ಪ್ರಾಣಿ ಅಪಾಯ ಕಂಡಾಗ ಓಡುವುದಿಲ್ಲ, ಮುದುಡಿಕೊಂಡು ಅಲ್ಲೇ ಕೂರುತ್ತದೆ. ಅನೇಕ ಮಾದರಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಯಂತ್ರಗಳಲ್ಲಿ ಒಂದೂ ಮೈಗೆ ತಾಗುವ ಮೊದಲು ಈ ಪ್ರಾಣಿಯನ್ನು ಗುರುತಿಸಲಿಲ್ಲ. ಕೆಲವು ತಾಗಿ ಹಿಂದೆ ಸರಿದವು, ಕೆಲವು ಗಾಯ ಮಾಡುವಂತಿದ್ದವು. ಕಪ್ಪೆಯಂಥ ಜೀವಿಗಳಿಗೂ ಇದೇ ಅಪಾಯ. ರಾತ್ರಿ ಶಬ್ದವಿಲ್ಲದೆ ಕೆಲಸ ಮುಗಿಸುತ್ತದೆ ಎಂಬ ಜಾಹೀರಾತಿಗೆ ಮರುಳಾಗದೆ, ಸೂರ್ಯ ಏರಿದ ಮೇಲೆ ಶುರುವಾಗಿ ಮುಳುಗುವ ಮುನ್ನವೇ ನಿಲ್ಲುವಂತೆ ಸಮಯ ನಿಗದಿ ಮಾಡಿ. ಸಾಕುನಾಯಿ ಇರುವವರು ಪ್ರತಿ ಬೆಳಗ್ಗೆ ಹುಲ್ಲುಹಾಸನ್ನು ಒಮ್ಮೆ ಸುತ್ತಿ ಶುಚಿ ಮಾಡಬೇಕು, ಇಲ್ಲವಾದರೆ ಗಲೀಜು ಚಕ್ರಕ್ಕೆ ಮೆತ್ತಿ ಎಲ್ಲೆಡೆ ಹರಡುತ್ತದೆ. ಆಟಿಕೆ, ನೀರಿನ ಪೈಪು, ಉದುರಿದ ಹಣ್ಣುಗಳನ್ನು ಎತ್ತಿಡುವುದೂ ಅದೇ ಸುತ್ತಿನ ಕೆಲಸ.

ಖರ್ಚಿನ ನಿಜವಾದ ಲೆಕ್ಕ

ಅಂಗಡಿಯಲ್ಲಿ ಹೇಳುವ ಬೆಲೆ ಒಂದು ಭಾಗ ಮಾತ್ರ. ಎಂಟು ವರ್ಷಗಳ ಲೆಕ್ಕ ಹಾಕಿ ನೋಡಿ: ಅಳವಡಿಕೆಯ ಕೂಲಿ, ಕತ್ತರಿಸುವ ಋತುವಿನಲ್ಲಿ ಸುಮಾರು ಒಂದೆರಡು ತಿಂಗಳಿಗೊಮ್ಮೆ ಹೊಸ ಅಲಗುಗಳ ಸೆಟ್, ನಡುವೆ ಒಮ್ಮೆಯಾದರೂ ಲಿಥಿಯಂ ಬ್ಯಾಟರಿಯ ಬದಲಾವಣೆ, ವರ್ಷಕ್ಕೊಂದು ಸರ್ವಿಸ್, ಉಪಗ್ರಹ ತಿದ್ದುಪಡಿಗೋ ಮೊಬೈಲ್ ಸಂಪರ್ಕಕ್ಕೋ ಚಂದಾ ಇದ್ದರೆ ಅದೂ ಸೇರಬೇಕು. ವಿದ್ಯುತ್ತಿನ ಖರ್ಚು ಇವೆಲ್ಲದರ ಮುಂದೆ ಅಲ್ಪ. ಬಂದ ಮೊತ್ತವನ್ನು ನೀವು ಈಗ ಕತ್ತರಿಸಲು ಮಾಡುತ್ತಿರುವ ಖರ್ಚಿನೊಂದಿಗೂ ಕಳೆಯುವ ಗಂಟೆಗಳೊಂದಿಗೂ ಹೋಲಿಸಿ.

ಮಾರುವವರಿಗೆ ಕೇಳಲೇಬೇಕಾದ ಪ್ರಶ್ನೆಗಳು ಕೆಲವಿವೆ. ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಬಹುದೇ? ಫೋನಿನ ಆ್ಯಪ್ ಇಲ್ಲದೆ, ಇಂಟರ್ನೆಟ್ ಇಲ್ಲದೆ ಯಂತ್ರವನ್ನು ಚಾಲೂ ಮಾಡಿ ಸಮಯ ನಿಗದಿ ಮಾಡಬಹುದೇ? ಕಂಪನಿ ಆ್ಯಪ್ ನಿಲ್ಲಿಸಿದರೆ ಏನು ಗತಿ? ದುರಸ್ತಿಗೆ ಯಂತ್ರವನ್ನು ದೂರ ಕಳಿಸಬೇಕೇ, ಅದು ಮರಳುವಷ್ಟರಲ್ಲಿ ಹುಲ್ಲು ಎಷ್ಟು ಬೆಳೆದಿರುತ್ತದೆ? ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಣ ಕೊಡುವ ಮುನ್ನ ಪಿನ್ ಸಂಖ್ಯೆ ಪಡೆದು, ಹಳೆಯ ಮಾಲೀಕರ ಖಾತೆಯಿಂದ ಯಂತ್ರ ಬಿಡುಗಡೆಯಾಗಿದೆಯೇ ಎಂದು ಎದುರಿಗೇ ನೋಡಬೇಕು. ಕಳ್ಳತನ ತಡೆಯುವ ಆ ಬೀಗವಿದ್ದರೆ ಯಂತ್ರ ನಿಮಗೂ ತೆರೆಯುವುದಿಲ್ಲ.

ಯಾರಿಗೆ ಸರಿ, ಯಾರಿಗೆ ಬೇಡ

ಹುಲ್ಲುಹಾಸು ಒಂದೇ ತುಂಡಾಗಿ, 300 ಚದರ ಮೀಟರಿಗಿಂತ ದೊಡ್ಡದಾಗಿ, ಹೆಚ್ಚು ಇಳಿಜಾರಿಲ್ಲದೆ ಇದ್ದು, ಪ್ರತಿವಾರ ಯಂತ್ರ ತಳ್ಳಲು ಮೈಯಲ್ಲಿ ಶಕ್ತಿಯೋ ಕೈಯಲ್ಲಿ ಸಮಯವೋ ಇಲ್ಲದವರಿಗೆ ಇದು ನಿಜವಾದ ಉಪಕಾರಿ. ಬೆನ್ನುನೋವಿನವರು, ವಯಸ್ಸಾದವರು, ಹುಲ್ಲಿನ ಪರಾಗದ ಅಲರ್ಜಿ ಇರುವವರು ಇದನ್ನು ಗಂಭೀರವಾಗಿ ಪರಿಗಣಿಸಬೇಕೆಂದು ಮನಸಾರೆ ಹೇಳುತ್ತೇನೆ. 100 ಚದರ ಮೀಟರಿನ ಒಳಗಿನ ಜಾಗಕ್ಕೆ ಬ್ಯಾಟರಿಯ ಸಣ್ಣ ಕೈಯಂತ್ರವೇ ಸಾಕು. ಹುಲ್ಲುಹಾಸು ಮೂರ್ನಾಲ್ಕು ತುಂಡುಗಳಾಗಿ ಮೆಟ್ಟಿಲುಗಳಿಂದ ಬೇರ್ಪಟ್ಟಿದ್ದರೆ ಯಂತ್ರವನ್ನು ಹೊತ್ತು ತಿರುಗುವ ಕೆಲಸವೇ ಉಳಿಯುತ್ತದೆ. ಕಡಿದಾದ ಒಂದು ಮೂಲೆ ಮಾತ್ರ ತೊಡಕಾಗಿದ್ದರೆ, ಅಲ್ಲಿ ಹುಲ್ಲು ತೆಗೆದು ನೆಲ ಹಬ್ಬುವ ಗಿಡ ನೆಡುವುದು ದುಬಾರಿ ಯಂತ್ರ ಕೊಳ್ಳುವುದಕ್ಕಿಂತ ಜಾಣತನ.

ಇಷ್ಟಾದ ಮೇಲೂ ಮನಸ್ಸು ತೂಗಾಡುತ್ತಿದ್ದರೆ ಬಾಡಿಗೆಗೋ ಪರೀಕ್ಷೆಗೋ ಯಂತ್ರ ಕೊಡುವವರನ್ನು ಹುಡುಕಿ, ಹುಲ್ಲು ವೇಗವಾಗಿ ಬೆಳೆಯುವ ತಿಂಗಳಲ್ಲೇ ತರಿಸಿಕೊಳ್ಳಿ. ಮೊದಲ ದಿನ ನಡುವಿನ ಸಮತಟ್ಟಾದ ಜಾಗದಲ್ಲಿ ಬಿಟ್ಟು ಮೆಚ್ಚಿಕೊಳ್ಳುವುದರಿಂದ ಏನೂ ತಿಳಿಯುವುದಿಲ್ಲ. ಅತಿ ಕಡಿದಾದ ಕಡೆ, ಅತಿ ಕಿರಿದಾದ ದಾರಿ ಮತ್ತು ಮರದ ನೆರಳು ದಟ್ಟವಾಗಿರುವ ಮೂಲೆ, ಈ ಮೂರೂ ಕಡೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಪಕ್ಕದಲ್ಲೇ ನಿಂತು ನೋಡಿ, ಮಳೆ ಬಿದ್ದ ಮರುದಿನ ಇನ್ನೊಮ್ಮೆ ನೋಡಿ. ವಾರದಲ್ಲಿ ಎಷ್ಟು ಸಲ ನೀವೇ ಹೋಗಿ ಅದನ್ನು ಬಿಡಿಸಬೇಕಾಯಿತು ಎಂಬುದನ್ನು ಬರೆದಿಟ್ಟುಕೊಂಡು, ಹಣ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಆ ಬರಹವನ್ನು ನೋಡಿ ತೀರ್ಮಾನಿಸಿ.